ಎಣ್ಣೆ ಸೋಕಬಾರದ ಫ್ಯಾನು

ಮುಳುಗಿಹೋದ ಊರನ್ನು ನೀರಿನಿಂದ ಮೇಲೆತ್ತುತ್ತೇನೆ ಎಂದು ನಾನು ಭೀಷಣ ಶಪಥ ಮಾಡಿದ್ದು ಊಟದ ತಟ್ಟೆಯ ಮುಂದೆ, ಬಾಯಿ ತುಂಬ ಬೆಂಡೆಕಾಯಿ ಇಟ್ಟುಕೊಂಡು. ಸರ್ಕಾರಗಳಿಂದ ಆಗದ್ದು ಈ ಸಬ್ರಿಯಿಂದ ಆಗುತ್ತದೆ! ಅದಕ್ಕೆ ಬೇಕಾದದ್ದಾದರೂ ಏನು? ಒಂದು ಸ್ಕ್ರೂಡ್ರೈವರ್, ಒಂದಿಷ್ಟು ಮೆಮೊರಿ, ಒಂದು ಗ್ರಾಫಿಕ್ಸ್ ಕಾರ್ಡು. ಅಷ್ಟೇ!

"ಮೊದ್ಲು ಬಾಯಲ್ಲಿರೋದನ್ನ ನುಂಗಿ," ಅಂದಳು ನನ್ನ ಹೆಂಡತಿ ನಬ್ರಾ. "ಆಮೇಲೆ ಊರು ಎತ್ತುವಿರಂತೆ."

ನಾವು ಈಜಿಪ್ಟಿನ ದಕ್ಷಿಣ ತುದಿಯ ನೂಬಿಯಾದವರು. ನೈಲ್ ನದಿಯ ದಂಡೆಯಲ್ಲಿ ನಮ್ಮದೊಂದು ಊರಿತ್ತು. ಅಣೆಕಟ್ಟು ಎದ್ದಿತು, ಊರು ನೀರಿನಡಿ ಹೋಯಿತು, ನಮ್ಮವರು ಗಂಟುಮೂಟೆ ಕಟ್ಟಿಕೊಂಡು ಕೈರೋ ಸೇರಿದರು. ನಾನು ಹುಟ್ಟಿದ್ದು ಇದೆಲ್ಲ ಮುಗಿದ ಮೇಲೆ. ಆದರೂ ಕಣ್ಣಲ್ಲಿ ನೋಡದ ಆ ಊರಿಗಾಗಿ ನನ್ನ ಹೊಟ್ಟೆಯೊಳಗೆ ಏನೋ ಕಿವುಚುತ್ತಲೇ ಇರುತ್ತದೆ. ಇದಕ್ಕೆ ಔಷಧ ಕೇಳಿದರೆ ಡಾಕ್ಟರು ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದ.

ನನ್ನ ಅತ್ತೆ ದಹೀಬಾ ಅಲ್ಲೇ ಹುಟ್ಟಿ ಬೆಳೆದವಳು. ಈಗ ನಮ್ಮ ಜೊತೆಗೇ ಇದ್ದಾಳೆ. ದಿನಕ್ಕೊಂದು ಸಲವಾದರೂ, "ಒಂದ್ಸಲ ಊರಿಗೆ ಹೋಗಿಬರ್ಬೇಕು ಕಣೋ," ಅನ್ನುತ್ತಿದ್ದಳು. ಬಸ್ಸು ಸಿಕ್ಕರೆ ಈಗಲೇ ಹೊರಟೆ ಅನ್ನುವ ದನಿ! ನಾನು ನಿವೃತ್ತ ನಕ್ಷೆಗಾರ. ಕಟ್ಟಡಗಳ ನಕ್ಷೆ ಬರೆದು ತಲೆ ನರೆಸಿಕೊಂಡವನು. ಅತ್ತೆ ಹೇಳಿದಂತೆಲ್ಲ ಕಂಪ್ಯೂಟರಿನಲ್ಲಿ ಊರನ್ನು ಕಟ್ಟತೊಡಗಿದೆ. ಗೋಡೆಗೆ ಪಿಂಗಾಣಿ ತಟ್ಟೆ ಹುದುಗಿಸಿದ ಅವಳ ಮನೆ, ಖರ್ಜೂರದ ಮರ, ನದಿ, ದಂಡೆಯ ಮೇಲೆ ಎತ್ತು ಕಟ್ಟಿದ ನೀರೆತ್ತುವ ರಾಟೆ, ಎಲ್ಲವನ್ನೂ ಕಟ್ಟಿದೆ. ಅವಳು ಅದರೊಳಗೆ ಬೀದಿ ಬೀದಿ ಓಡಾಡಬೇಕು. ಅದಾದರೆ ನನ್ನ ಜನ್ಮ ಸಾರ್ಥಕ.

ನನ್ನ ಕಂಪ್ಯೂಟರು ಸಾಮಾನ್ಯದ್ದಲ್ಲ. ಜರ್ಮನಿಯ ಯಾವುದೋ ಕಚೇರಿಯಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದ ಘನಗಂಭೀರ ಯಂತ್ರ! ಅಲ್ಲಿ ನಿವೃತ್ತಿಯಾಗಿ, ಹಡಗು ಹತ್ತಿ, ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಕೈರೋದ ಹಳೇ ಸಾಮಾನಿನ ಅಂಗಡಿಯಲ್ಲಿ ನನಗಾಗಿ ಕಾದು ಕೂತಿತ್ತು.

"ಫ್ರಿಜ್ಜಿಗಿಂತ ಭಾರ ಇದೆ," ಅಂದಿದ್ದಳು ನಬ್ರಾ ಮೊದಲ ದಿನವೇ. "ಫ್ರಿಜ್ಜಿನೊಳಗೆ ತಿನ್ನೋಕಾದ್ರೂ ಏನಾದ್ರೂ ಇರುತ್ತೆ."

ಅದರ ಹಿಂಬದಿಯ ಫ್ಯಾನು ಸವೆದುಹೋಗಿತ್ತು. ಗುಂಡಿ ಒತ್ತಿದರೆ, ಕೀಂ... ಯ್ಯಾಂ... ಕೀಂ... ಯ್ಯಾಂ... ಎಂದು ಇಡೀ ಮನೆಗೆ ಕೇಳುವಂತೆ ಗೋಳಾಡುತ್ತಿತ್ತು. ಮೇಲಿನ ಮನೆಯವರು ಬಂದು, "ಹಬ್ಬ ಇನ್ನೂ ದೂರ ಇದೆಯಲ್ಲ, ಈಗಲೇ ಯಾಕೆ ಕುರಿ ತಂದ್ರಿ?" ಎಂದು ಕೇಳಿಹೋಗಿದ್ದರು.

ಅತ್ತೆ ದಿನಾ ಮಧ್ಯಾಹ್ನದ ನಮಾಜು ಮುಗಿಸಿ, ಚಹಾದ ಲೋಟ ಹಿಡಿದು, ಯಂತ್ರದ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದಳು. "ಹಾಕೋ ಅಳಿಯ, ನಿನ್ನ ಯಂತ್ರ." ನಾನು ಹಾಕಿ ಊರು ತೋರಿಸುತ್ತಿದ್ದೆ. ಆದರೆ ಚಿತ್ರವೋ ಆಮೆಗತಿ! ಬೀದಿಯ ತಿರುವಿನಲ್ಲಿ ತಿರುಗಿದರೆ ಗೋಡೆ ಬರುವಷ್ಟರಲ್ಲಿ ಚಹಾ ಆರುತ್ತಿತ್ತು. ಅತ್ತೆ ಒಂದು ಗಳಿಗೆ ನೋಡಿ, ಕಣ್ಣು ಮುಚ್ಚಿ, ಮೆಲ್ಲಗೆ ತೂಗಾಡುತ್ತಿದ್ದಳು.

"ಅತ್ತೆ, ಚಿತ್ರ ಚೆನ್ನಾಗಿಲ್ವಾ?"

"ಚೆನ್ನಾಗಿದೆ, ಚೆನ್ನಾಗಿದೆ. ನೀನು ಮಾತಾಡ್ಬೇಡ."

ಈ ಮಾತು ನನಗೆ ನಾಟಿತು. ನಿದ್ದೆ ಬರಿಸುವಂಥ ಊರು ಕಟ್ಟಿದೆನಲ್ಲ! ಆ ಮುದುಕಿ ಕಣ್ಣು ಬಿಟ್ಟು ನೋಡುವಂಥ ಊರು ಕೊಡದಿದ್ದರೆ ನಾನು ನಕ್ಷೆಗಾರನೇ ಅಲ್ಲ! ಬೆಂಡೆಕಾಯಿಯ ಶಪಥ ಹುಟ್ಟಿದ್ದು ಹೀಗೆ.

ಆ ಹಳೇ ಸಾಮಾನಿನ ಅಂಗಡಿಯ ನಸೀಮ ಹೇಳಿದ, "ಸಬ್ರಿ ಸಾಹೇಬ್ರೇ, ಆ ದೊಡ್ಡ ಯಂತ್ರಕ್ಕೆ ಮಾಮೂಲಿ ಮೆಮೊರಿ ಹಿಡಿಸಲ್ಲ. ಅದಕ್ಕೆ ಅದರದೇ ಜಾತಿದು ಬೇಕು."

"ನನಗೇ ಪಾಠ ಹೇಳ್ತೀಯೇನಯ್ಯಾ?" ಎಂದು ಮಾಮೂಲಿ ಮೆಮೊರಿಯನ್ನೇ ಹೊತ್ತು ಬಂದೆ. ಚುಚ್ಚಿದೆ. ಯಂತ್ರ ಬೀಪ್ ಬೀಪ್ ಎಂದು ಬೈದು ಸುಮ್ಮನಾಯಿತು. ತಿರುಗಿ ಹೋಗಿ ಅದರದೇ ಜಾತಿಯದನ್ನು, ಜೊತೆಗೆ ಚಿತ್ರ ಚುರುಕಾಗಿ ಓಡಿಸುವ ಗ್ರಾಫಿಕ್ಸ್ ಕಾರ್ಡನ್ನೂ ತಂದೆ. ನಸೀಮ ನಗಲಿಲ್ಲ, ಅದೇ ಹೆಚ್ಚು ಉರಿಯಿತು. "ಹೋಗ್ಲಿ, ಇದೊಂದು ಫ್ಯಾನೂ ಹಾಕ್ಕೊಳ್ಳಿ," ಅಂದ. "ಸದ್ದೇ ಮಾಡಲ್ಲ. ಬದಲಿಗೆ ನಿಮ್ಮ ಹಳೇದನ್ನ ಕೊಟ್ಬಿಡಿ."

ಎಷ್ಟು ಒಳ್ಳೆಯ ಮನುಷ್ಯ, ಅಂದುಕೊಂಡೆ!

ಶಸ್ತ್ರಚಿಕಿತ್ಸೆ ನಡೆದದ್ದು ಹಜಾರದಲ್ಲಿ. ಈ ಸಲ ಮುಚ್ಚಳ ಪೂರ್ತಿ ತೆಗೆದರೆ ಒಳಗೆ ಇಡೀ ಜರ್ಮನಿಯ ಧೂಳು! ನಬ್ರಾಳ ಕೂದಲು ಒಣಗಿಸುವ ಯಂತ್ರ ತಂದು ಊದಿದೆ. ಧೂಳು ಎದ್ದಿತು, ಯೋಚಿಸಿತು, ಕಿಟಕಿಯ ಬಳಿ ಒಣಗಲು ಇಟ್ಟಿದ್ದ ತೆಳ್ಳನೆಯ ರೊಟ್ಟಿಹಾಳೆಗಳ ಮೇಲೆ ಹೋಗಿ ಕೂತಿತು. ನಮ್ಮಲ್ಲಿ ಆ ಹಾಳೆಗಳನ್ನು ಪುಡಿ ಮಾಡಿ ನೀರಿಗೆ ಹಾಕಿ ಬೇಸಿಗೆಯ ಪಾನಕ ಮಾಡುತ್ತೇವೆ. ನಬ್ರಾ ವಾರವೆಲ್ಲ ಕೂತು ಸುಟ್ಟದ್ದು.

"ರೀ! ಆ ಪಾನಕ ಈ ಸಲ ನೀವೊಬ್ರೇ ಕುಡೀಬೇಕು, ಗೊತ್ತಾಯ್ತಾ?"

"ಕಬ್ಬಿಣದ ಅಂಶ ಒಳ್ಳೇದಂತೆ ಕಣೇ!"

ಗ್ರಾಫಿಕ್ಸ್ ಕಾರ್ಡು ಒಳಗೆ ಹಿಡಿಸಲಿಲ್ಲ, ಉದ್ದ ಜಾಸ್ತಿ. ಅಡ್ಡ ಬಂದ ಕಬ್ಬಿಣದ ಪಂಜರವನ್ನು ಬಿಚ್ಚಿ ಎಸೆದೆ. ಅದರಲ್ಲಿದ್ದ ಹಾರ್ಡ್ ಡಿಸ್ಕನ್ನು ನಬ್ರಾಳ ತಲೆಯ ವಸ್ತ್ರ ಹರಿದು ತೂಗುಹಾಕಿದೆ. ವಸ್ತ್ರ ಯಾರದ್ದೆಂದು ಹರಿದ ಮೇಲೆ ಗೊತ್ತಾಯಿತು. ಗೋಳಾಡುವ ಫ್ಯಾನನ್ನು ಕಿತ್ತು ನಸೀಮನಿಗೆ ಕಳಿಸಿ, ಅದರ ಜಾಗದಲ್ಲಿ ಹೊಸದನ್ನು ಕೂರಿಸಿದೆ. ಎಲ್ಲ ಮುಗಿಸಿ ಮುಚ್ಚಳ ಹಾಕಿದರೆ ಅಂಗೈ ತುಂಬ ಸ್ಕ್ರೂಗಳು ಉಳಿದಿದ್ದವು.

"ಇವು ಯಾವುದರವು?" ಅಂದಳು ನಬ್ರಾ.

"ಜರ್ಮನ್ನರು ಮುಂಜಾಗ್ರತೆಗೆ ಹೆಚ್ಚುವರಿ ಹಾಕಿರ್ತಾರೆ!"

ಗುಂಡಿ ಒತ್ತಿದೆ. ಆಹಾ! ಒಂದು ಉಸಿರೂ ಕೇಳಿಸಲಿಲ್ಲ. ಪರದೆಯ ಮೇಲೆ ಊರು ಎದ್ದುಬಂತು. ನದಿ ಮಿನುಗಿತು, ಖರ್ಜೂರದ ಗರಿಯ ನೆರಳು ಗೋಡೆಯ ಮೇಲೆ ಅಲ್ಲಾಡಿತು, ರಾಟೆ ಸರಾಗವಾಗಿ ತಿರುಗಿ ನೀರು ಸುರಿಯಿತು. ನನ್ನ ಕಣ್ಣಲ್ಲೇ ನೀರು ಬಂತು. ಅಪ್ಪ ಸಾಯುವವರೆಗೂ ಹೇಳುತ್ತಿದ್ದ ಊರು ಇದೇ ತಾನೇ ಎಂದು ಪರದೆಯನ್ನು ಮುಟ್ಟಿ ನೋಡಿದೆ. ನಬ್ರಾ ಕೂಡ ವಸ್ತ್ರದ ವಿಷಯ ಮರೆತು ನಿಂತಳು.

"ಅತ್ತೇ! ಬನ್ನಿ, ನಿಮ್ಮೂರು ಬಂದಿದೆ!"

ಅತ್ತೆ ಚಹಾ ಹಿಡಿದು ಬಂದಳು. ಕೂತಳು. ಪರದೆ ನೋಡಿದಳು. ಯಂತ್ರದ ಕಡೆ ತಿರುಗಿದಳು.

"ಹಾಕೋ ಅಳಿಯ."

"ಹಾಕಿದ್ದೀನಿ ಅತ್ತೆ! ನೋಡಿ, ನಿಮ್ಮನೆ, ನಿಮ್ಮ ರಾಟೆ!"

"ರಾಟೆ ತಿರುಗ್ತಿದೆ. ಸದ್ದೆಲ್ಲಿ?" ಅವಳ ದನಿ ಗಡುಸಾಯಿತು. "ಎಣ್ಣೆ ಹಾಕಿದ್ದು ಯಾರು?"

ನಾನು ನಬ್ರಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ನಮ್ಮೂರಲ್ಲಿ ರಾಟೆಗೆ ಯಾರೂ ಎಣ್ಣೆ ಹಾಕ್ತಿರಲಿಲ್ಲ ಕಣೋ," ಅಂದಳು ಅತ್ತೆ. "ಅದು ಕಿರುಗುಡ್ತಾ ಇದ್ರೆ ಎತ್ತು ನಡೀತಿದೆ ಅಂತ. ನಾನು ರಾಟೆಯ ತೊಲೆ ಮೇಲೆ ಕೂತು ಎತ್ತು ಹೊಡೀತಿದ್ದೆ. ನಮ್ಮಪ್ಪ ಮರದಡಿ ಕಣ್ಣು ಮುಚ್ಚಿ ಮಲಗಿರ್ತಿದ್ದ. ಸದ್ದು ನಿಂತ್ರೆ ಸಾಕು, ಅಲ್ಲಿಂದಲೇ ಕೂಗ್ತಿದ್ದ, 'ಏನೇ ಹುಡುಗಿ, ನಿದ್ದೆ ಹೊಡೀತಿದ್ಯಾ? ಎತ್ತು ನಿಂತಿದೆ!' ಅಂತ. ನಿನ್ನ ಯಂತ್ರ ಥೇಟ್ ನಮ್ಮ ರಾಟೆ ಹಾಗೇ ಕೂಗ್ತಿತ್ತು."

"ಹಾಗಾದ್ರೆ ನೀವು ಚಿತ್ರ ನೋಡೋಕೆ ಬರ್ತಿರಲಿಲ್ವಾ?"

"ಚಿತ್ರಾನೂ ಚೆನ್ನಾಗಿದೆ, ಪಾಪ," ಅಂದಳು ಅತ್ತೆ, ಮಗು ಗೀಚಿದ್ದನ್ನು ಹೊಗಳುವವರಂತೆ. ಅರ್ಧ ಚಹಾ ಬಿಟ್ಟು ಒಳಗೆ ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವಳು, "ಒಂದ್ಸಲ ಊರಿಗೆ ಹೋಗಿಬರ್ಬೇಕು," ಅನ್ನುವುದನ್ನೇ ನಿಲ್ಲಿಸಿಬಿಟ್ಟಳು. ದಿನವೂ ಕೇಳಿ ಕೇಳಿ ಬೇಸತ್ತಿದ್ದ ಮಾತು ಅದು. ಈಗ ಅದಿಲ್ಲದೆ ಮನೆ ಬಿಕೋ ಎನ್ನತೊಡಗಿತು.

"ಅಮ್ಮ ದಿನಾ ಊರಿಗೆ ಹೋಗಿಬರ್ತಿದ್ಲು," ಅಂದಳು ನಬ್ರಾ. "ನೀವು ದಾರಿ ಮುಚ್ಚಿದ್ರಿ."

ಅಂಗಡಿಗೆ ಓಡಿದೆ.

"ನಸೀಮಾ! ನನ್ನ ಹಳೇ ಫ್ಯಾನು ಎಲ್ಲಿ?"

ಅವನು ಗೋಣಿಚೀಲ ತಂದು ಸುರಿದ. ಒಂದು ರಾಶಿ ಫ್ಯಾನು! ಒಂದೊಂದನ್ನೇ ತಂತಿಗೆ ಹಚ್ಚಿ ಕಿವಿಗೆ ಹಿಡಿದೆ. "ಇದು ಗೊಣಗುತ್ತೆ, ಅಳಲ್ಲ! ಇದು ಸೀನುತ್ತೆ! ಇದು ಬೇಡ!" ಗಿರಾಕಿಗಳು ಕೆಲಸ ಬಿಟ್ಟು ನನ್ನನ್ನೇ ನೋಡತೊಡಗಿದರು.

"ಸಾಹೇಬ್ರೇ, ಜನ ಸದ್ದು ಮಾಡದೇ ಇರೋದನ್ನ ಹುಡುಕ್ತಾರೆ!"

"ನನಗೆ ಗೋಳಾಡೋದೇ ಬೇಕು!"

ಕೊನೆಗೆ ರೆಕ್ಕೆಯ ಮೇಲಿನ ಗೀರು ನೋಡಿ ನನ್ನದನ್ನು ಗುರುತಿಸಿದೆ. ಹಚ್ಚಿದೆ. ಸದ್ದೇ ಇಲ್ಲ! ನಸೀಮ ಹೆಮ್ಮೆಯಿಂದ, "ಎಣ್ಣೆ ಬಿಟ್ಟು ಸರಿ ಮಾಡಿದೀನಿ. ಈಗ ಬೆಣ್ಣೆ ಹಾಗೆ ತಿರುಗುತ್ತೆ ನೋಡಿ," ಅಂದ. ನನಗೆ ಅಲ್ಲೇ ಅಳು ಬಂತು. ಗಾಬರಿಗೊಂಡ ಅವನು ಒಂದು ಲೋಟ ಕಬ್ಬಿನ ಹಾಲು ತರಿಸಿಕೊಟ್ಟ.

ಎಣ್ಣೆ ಕುಡಿದ ಫ್ಯಾನನ್ನು ತಂದು ಅತ್ತೆಯ ಮುಂದಿಟ್ಟೆ. "ತಪ್ಪಾಯ್ತು ಅತ್ತೆ. ಸಿಕ್ಕಿತು, ಆದ್ರೆ ಮೂಕಾಗಿದೆ."

ಅತ್ತೆ ಅದನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ತಲೆವಸ್ತ್ರದ ಅಂಚಿನಿಂದ ನಡುವಿನ ಎಣ್ಣೆಯನ್ನೆಲ್ಲ ಒರೆಸಿದಳು. ಆಮೇಲೆ ಎದ್ದು, ತನ್ನ ಪೆಟ್ಟಿಗೆಯಿಂದ ಒಂದು ಪುಟ್ಟ ಬಟ್ಟೆಗಂಟು ತಂದಳು. ನಬ್ರಾ ಗಕ್ಕನೆ ಅವಳ ಕೈ ಹಿಡಿದಳು. "ಅಮ್ಮಾ, ಅದು ಬೇಡ!"

ಅದು ಊರಿನ ಮರಳು. ಹೊರಟ ದಿನ ಮನೆಯ ಹೊಸ್ತಿಲಿನಿಂದ ಬಾಚಿಕೊಂಡದ್ದು. ತಾನು ಸತ್ತಾಗ ಗೋರಿಯಲ್ಲಿ ತಲೆಯ ಕೆಳಗೆ ಹಾಕಬೇಕೆಂದು ಇಷ್ಟು ವರ್ಷ ಕಾದಿಟ್ಟದ್ದು.

"ಬಿಡೇ. ಒಂದು ಚಿಟಿಕೆ," ಅಂದಳು ಅತ್ತೆ. ಫ್ಯಾನಿನ ನಡುವಿಗೆ ಉದುರಿಸಿ, ಗಂಟು ಬಿಗಿದಳು. "ಉಳಿದದ್ದು ನನ್ನ ತಲೆಗೆ ಸಾಕು. ಹಾಕೋ ಅಳಿಯ."

ಫ್ಯಾನನ್ನು ಯಂತ್ರದೊಳಗೆ ಕೂರಿಸಿದೆ. ಗುಂಡಿ ಒತ್ತಿದೆ.

ಕೀಂ... ಯ್ಯಾಂ... ಕೀಂ... ಯ್ಯಾಂ...

ಮೇಲಿನ ಮನೆಯಲ್ಲಿ ಯಾರೋ ನೆಲ ಕುಟ್ಟಿದರು. ಕುಟ್ಟಲಿ! ಅತ್ತೆ ಸ್ಟೂಲಿನ ಮೇಲೆ ಕೂತಳು. ಪರದೆಯ ಮೇಲೆ ನನ್ನ ಮಹಾಕೃತಿ ಥಳಥಳ ಹೊಳೆಯಿತು.

"ಆ ದೀಪ ಆರಿಸೋ," ಅಂದಳು ಅತ್ತೆ. "ಕಣ್ಣಿಗೆ ಹೊಡೀತಿದೆ."

ನಬ್ರಾ ನಗು ತಡೆಯಲಾರದೆ ಮುಖ ತಿರುಗಿಸಿದಳು. ನಾನು ಪರದೆ ಆರಿಸಿದೆ. ಇಷ್ಟು ಬಡಿದಾಡಿ ಕಟ್ಟಿದ ಊರು ಪುಸಕ್ಕೆಂದು ಮಾಯವಾಯಿತು. ಅತ್ತೆ ಕಣ್ಣು ಮುಚ್ಚಿ ತೂಗಾಡತೊಡಗಿದಳು. ನಾನೂ ನೆಲದ ಮೇಲೆ ಕೂತು ಕಣ್ಣು ಮುಚ್ಚಿದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಸದ್ದಿನ ಹಿಂದೆ ನೀರು ಸುರಿದ ಹಾಗಾಯಿತು. ತಣ್ಣನೆಯ ಗಾಳಿ ಬಂದ ಹಾಗಾಯಿತು. ಯಾವಾಗ ಜೊಂಪು ಹತ್ತಿತೋ ಗೊತ್ತಿಲ್ಲ.

ಆಗ ನಮ್ಮ ಬೀದಿಯ ಕರೆಂಟು ಹೋಯಿತು. ಸದ್ದು ಗಕ್ಕನೆ ನಿಂತಿತು.

ಅತ್ತೆ ಕಣ್ಣು ತೆರೆಯಲಿಲ್ಲ. ಆದರೆ ಇಡೀ ಮನೆ ಅದುರುವಂತೆ, ನಾನೆಂದೂ ಕೇಳದ ಗಂಡುದನಿಯಲ್ಲಿ ನನ್ನತ್ತ ಕೂಗಿದಳು:

"ಏನೋ ಹುಡುಗಾ, ನಿದ್ದೆ ಹೊಡೀತಿದ್ಯಾ? ಎತ್ತು ನಿಂತಿದೆ!"