ಹದಿನಾಲ್ಕನೇ ಪ್ರಶ್ನೆ

ಬೆಳಿಗ್ಗೆ ಎಂಟಕ್ಕೆ ಅಮಾರುಕ್ ಊರ ರೇಡಿಯೋಗೆ ಫೋನ್ ಮಾಡಿ ಆಡಿದ್ದು ಎರಡೇ ಮಾತು. "ನಮ್ಮನೇಲಿ ಒಣಮೀನಿದೆ. ಎಲ್ರೂ ಬನ್ನಿ."

ಮೂರನೆಯದೂ ಒಂದಿತ್ತು, ಪೊಟ್ಟಣಕ್ಕೆ ಹದಿನೈದು ಡಾಲರ್ ಎಂಬುದು. ಆದರೆ ಉಣ್ಣುವ ವಸ್ತುವಿಗೆ ಊರೆಲ್ಲ ಕೇಳುವ ಹಾಗೆ ಬೆಲೆ ಕೂಗಲು ನಾಲಿಗೆ ಒಪ್ಪಲಿಲ್ಲ. ಮೀನು ಬಚ್ಚಿಟ್ಟವನ ಬಲೆಗೆ ಕಡಲ ತಳದ ಮುದುಕಿ ಕಲ್ಲು ತುಂಬುತ್ತಾಳೆ ಎಂದು ತೀರಿಹೋದ ಅಮ್ಮ ಉವಿಲುಕ್ ಹೇಳಿದ್ದು ನೆನಪಾಗಿ, ಮಾತು ಮುಳ್ಳಿನ ಹಾಗೆ ಗಂಟಲಲ್ಲೇ ಸಿಕ್ಕಿಕೊಂಡಿತು. ಕೆಮ್ಮಿ ಫೋನ್ ಇಟ್ಟ.

ಮಧ್ಯಾಹ್ನದ ವಿಮಾನಕ್ಕೆ ರಾಜಧಾನಿ ಇಕಾಲುಯಿತ್‌ನಿಂದ, ಹೊಸ ವ್ಯಾಪಾರಕ್ಕೆ ಸರಕಾರ ಕೊಡುವ ಅನುದಾನದ ಅಧಿಕಾರಿ ಬರುವವಳಿದ್ದಳು. ಬಾಗಿಲಲ್ಲಿ ಗಿರಾಕಿಗಳ ಸಾಲು ಕಂಡರೆ ಅವಳು ನಿಂತಲ್ಲೇ ರುಜು ಹಾಕುತ್ತಾಳೆ, ಆ ದುಡ್ಡಿನಲ್ಲಿ ದೊಡ್ಡ ಫ್ರೀಜರ್ ಬರುತ್ತದೆ, ಪೊಟ್ಟಣ ಮುಚ್ಚುವ ಯಂತ್ರ ಬರುತ್ತದೆ ಎಂದು ಅವನ ಎಣಿಕೆ. ರುಜು ಬೀಳದಿದ್ದರೆ? ಅದನ್ನು ಹೆಂಡತಿ ಸಿಯಾಸಿ ಆಗಲೇ ತೀರ್ಮಾನಿಸಿದ್ದಳು. ಸೋಮವಾರದಿಂದ ಅವಳಣ್ಣ ಲುಕಾಸಿಯ ಅಂಗಡಿಯಲ್ಲಿ ಡಬ್ಬಿ ಜೋಡಿಸುವ ಕೆಲಸ. ಲುಕಾಸಿಯ ಕೈಕೆಳಗೆ ದುಡಿಯುವುದಕ್ಕಿಂತ ಹಿಮಕರಡಿಯ ಜೊತೆ ಒಂದೇ ಗುಡಾರದಲ್ಲಿ ಮಲಗುವುದು ಮೇಲು. ಕರಡಿ ಬುದ್ಧಿವಾದ ಹೇಳುವುದಿಲ್ಲ.

"ಬೆಲೆ ಯಾಕೆ ಹೇಳ್ಲಿಲ್ಲ ಮಾರಾಯ?" ಎಂದಳು ಸಿಯಾಸಿ.

"ಬಾಗಿಲಲ್ಲಿ ಹೇಳಿದ್ರಾಯ್ತು ಬಿಡು."

"ನೀನು ಹೇಳಿದ ಹಾಗೇ ಇದೆ! ಅರ್ಜಿಯಾದ್ರೂ ನೆಟ್ಟಗೆ ತುಂಬಿದೀಯಾ?"

"ಹದಿನಾಲ್ಕನೇ ಪ್ರಶ್ನೆ ಒಂದು ಉಳಿದಿತ್ತು. ಅಧಿಕಾರಿ ನಿಮ್ಮ ನಂಟರೇ ಅಂತ. ನಂಟರಾದ್ರೆ ಅವರ ಕೈಯಿಂದ ಕೊಡೋ ಹಾಗಿಲ್ವಂತೆ. ಅಲ್ಲ ಅಂತ ಬರೆದೆ. ಈ ಊರಲ್ಲಾದ್ರೆ ನಾಯಿಗಳೂ ನಮಗೆ ನಂಟ್ರೇ. ಪುಣ್ಯಕ್ಕೆ ಆ ಲೀಟಿಯಾ ಅನ್ನೋ ಹುಡುಗಿ ಬೇರೆ ಊರೋಳು."

ಮಾತು ಮುಗಿಯುವಷ್ಟರಲ್ಲಿ ಬಾಗಿಲು ಬಡಿಯಿತು. 'ನಮ್ಮನೇಲಿ ಮೀನಿದೆ, ಬನ್ನಿ' ಎಂದು ರೇಡಿಯೋದಲ್ಲಿ ಕೇಳಿದರೆ ಆ ಊರಿನವರಿಗೆ ಇರುವುದು ಒಂದೇ ಅರ್ಥ: ಚೀಲ ತಗೊಂಡು ಹೊರಡು. ಎಲ್ಲರಿಗಿಂತ ಮೊದಲು ಬಂದವಳು ಪಕ್ಕದ ಮನೆಯ ಮಾಲಾಯಾ. ವಯಸ್ಸು ಎಂಬತ್ತು, ಬಾಯಲ್ಲಿ ಹಲ್ಲು ಮೂರು.

"ಅಪ್ಪಾ!" ಎಂದಳು ನಲವತ್ತೆರಡರ ಅಮಾರುಕ್‌ಗೆ. ಅವನಿಗೆ ಇಟ್ಟದ್ದು ಅವಳ ತೀರಿಹೋದ ತಂದೆಯ ಹೆಸರು. ಅವರಲ್ಲಿ ಹೆಸರು ಬಂದಮೇಲೆ ಅಪ್ಪನೂ ಬಂದ ಹಾಗೇ. ನಂಟು ಹೆಸರಿನ ಬೆನ್ನು ಹಿಡಿದೇ ಬರುತ್ತದೆ.

"ಮಗಳೇ... ಇವತ್ತು ಒಂದು ವಿಷಯ... ಹದಿನೈದು..."

"ಹದಿನೈದು ಪೊಟ್ಟಣಾನಾ! ನಾನೊಬ್ಳೇ ಅಲ್ವೇನಪ್ಪಾ? ಹೋಗ್ಲಿ, ನೀನು ಪ್ರೀತಿಯಿಂದ ಕೊಟ್ಟಾಗ ಬೇಡ ಅನ್ನಕ್ಕಾಗತ್ತಾ?"

ಇದ್ದ ಅರವತ್ತು ಪೊಟ್ಟಣದಲ್ಲಿ ಹದಿನೈದು ಹೋಯಿತು. ಆಮೇಲೆ ಊರಿಗೆ ಊರೇ ಬಂತು. ಒಬ್ಬರು ಬೆನ್ನು ತಟ್ಟಿದರು, ಒಬ್ಬರು ಹರಸಿದರು, ಒಬ್ಬಾಕೆ ಸಂತೋಷಕ್ಕೆ ಅತ್ತೇಬಿಟ್ಟಳು. ಅಳುವವಳ ಹತ್ತಿರ ಹದಿನೈದು ಡಾಲರ್ ಕೇಳುವುದು ಹೇಗೆ? ಕೊನೆಗೆ ಲುಕಾಸಿಯೂ ಎರಡು ಚೀಲ ಹಿಡಿದು ಬಂದ.

"ನಿನಗೇನು ಕೊರತೆ? ಅಂಗಡಿ ಇದೆಯಲ್ಲ," ಎಂದ ಅಮಾರುಕ್.

"ಅಲ್ಲಿ ಬೆಲೆ ಕೇಳಿದ್ರೆ ಎದೆ ಒಡೆಯುತ್ತೆ ಭಾವಾ. ನನಗೆ ಗೊತ್ತಿಲ್ವಾ? ಚೀಟಿ ಅಂಟಿಸೋನೇ ನಾನು."

ಲೀಟಿಯಾ ಬಂದಾಗ ಮೆಟ್ಟಿಲ ತುಂಬ ಜನ ಕೂತು ಅಗಿಯುತ್ತಿದ್ದರು. ಮೇಜಿನ ಮೇಲೆ ಉಳಿದದ್ದು ಒಂದೇ ಪೊಟ್ಟಣ. ಇಪ್ಪತ್ತಾರರ ಹುಡುಗಿ, ನಗುಮುಖ.

"ಎಷ್ಟು ಮಾರಿದ್ರಿ?"

"ಎಲ್ಲಾ... ಹೋಯ್ತು."

"ದುಡ್ಡು?"

"ಅದಿನ್ನೂ ಬಂದಿಲ್ಲ."

ಲೀಟಿಯಾ ಕೊನೆಯ ಪೊಟ್ಟಣ ಬಿಚ್ಚಿ, ಒಂದು ಕೆಂಪು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ ಬಾಯಿಗೆ ಹಾಕಿಕೊಂಡಳು. ಅಮಾರುಕ್‌ಗೆ ಅದನ್ನು ಎಲ್ಲೋ ಕಂಡ ಹಾಗನಿಸಿತು.

"ಅಬ್ಬಾ!" ಎಂದಳು ಅವಳು. "ಒಂದು ಬೆಳಗ್ಗೆಗೆ ಐವತ್ತೊಂಬತ್ತು ಪೊಟ್ಟಣ! ಜನಕ್ಕೆ ಬೇಕು ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ನಿಮಗೆ ಬಾಯಲ್ಲಿ ಬೆಲೆ ಹೇಳಕ್ಕಾಗದಿದ್ರೆ ಒಂದು ಬೋರ್ಡ್ ಹಾಕಿ." ಅರ್ಜಿ ತೆಗೆದಳು. ಪೆನ್ನೂ ತೆಗೆದಳು.

ಅಷ್ಟರಲ್ಲಿ ಮೂಲೆಯಲ್ಲಿ ಅಗಿಯುತ್ತಿದ್ದ ಮಾಲಾಯಾ ಎಲ್ಲ ಮುದುಕಿಯರೂ ಕೇಳುವುದನ್ನೇ ಕೇಳಿದಳು. "ನೀನು ಯಾರ ಹೆಸರಿನೋಳು, ಕೂಸೇ?"

"ಕಚೇರೀಲಿ ಲೀಟಿಯಾ. ಮನೇಲಿ ಉವಿಲುಕ್, ಅಜ್ಜಿ. ನಮ್ಮಜ್ಜಿಯ ಜೀವದ ಗೆಳತಿ ಒಬ್ರು ಈ ಕಡೆ ಯಾವುದೋ ಊರಲ್ಲಿದ್ರಂತೆ. ಅವರು ತೀರಿಕೊಂಡ ವಾರವೇ ನಾನು ಹುಟ್ಟಿದ್ದು, ಅವರ ಹೆಸರೇ ನನಗಿಟ್ರು."

ಮಾಲಾಯಾ ಬಾಯಿ ತೆರೆದಳು. ಸಿಯಾಸಿ ಚಂಗನೆ ನೆಗೆದು ಆ ಬಾಯಿಗೆ ಅಂಗೈಯಗಲದ ಮೀನಿನ ತುಂಡು ತುರುಕಿದಳು; ಮೂರು ಹಲ್ಲಿಗೆ ಅದು ಅರ್ಧ ಗಂಟೆಯ ಕೆಲಸ. ಹಿಂದೆಯೇ ಬಂದು ಗಂಡನ ಕಾಲು ತುಳಿದು ಪಿಸುಗುಟ್ಟಿದಳು. "ರುಜು ಬೀಳೋವರೆಗೂ ಉಸಿರೆತ್ತಿದ್ರೆ ನೋಡು!"

ಅಮಾರುಕ್ ತುಟಿ ಕಚ್ಚಿದ. ಲೀಟಿಯಾ ಇನ್ನೊಂದು ತುಂಡನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಮೀನು ಹದವಾಗಿ ಒಣಗಿದೆಯೋ ಎಂದು ಹಾಗೆ ನೋಡುತ್ತಿದ್ದವಳು ಈ ಜಗತ್ತಿನಲ್ಲಿ ಒಬ್ಬಳೇ. ಅವಳನ್ನು ಮಣ್ಣು ಮಾಡಿದ ದಿನ ಅಮಾರುಕ್‌ಗೆ ಹದಿನಾರು ವರ್ಷ. ಬೆಳಿಗ್ಗೆ ಆಡಬೇಕಾದಾಗ ಆಡದ ನಾಲಿಗೆ, ಆಡಬಾರದ ಗಳಿಗೆಯಲ್ಲಿ ತಾನಾಗಿ ಹೊರಳಿತು.

"ಅಮ್ಮಾ!"

ಪೆನ್ನು ನಿಂತಿತು. ಲೀಟಿಯಾ ಅವನ ಮುಖ ನೋಡಿದಳು, ಗೋಡೆಯ ಮೇಲಿದ್ದ ಅವನಮ್ಮನ ಹಳೆಯ ಫೋಟೋ ನೋಡಿದಳು. ಕಣ್ಣು ತುಂಬಿ ಬಂತು. "ಮಗನೇ! ಎಷ್ಟು ದೊಡ್ಡವನಾಗಿಬಿಟ್ಟೆಯೋ!" ಎಂದು ತನಗಿಂತ ಹದಿನಾರು ವರ್ಷ ಹಿರಿಯನನ್ನು ಅಪ್ಪಿಕೊಂಡಳು. ಮೆಟ್ಟಿಲ ಮೇಲಿನವರೆಲ್ಲ ಅಗಿಯುವುದನ್ನು ನಿಲ್ಲಿಸಿ ಮೂಗು ಒರೆಸಿಕೊಂಡರು.

ಆಮೇಲೆ ಅವಳು ಕಣ್ಣೊರೆಸಿಕೊಂಡು, ಹದಿನಾಲ್ಕನೇ ಪ್ರಶ್ನೆಯ 'ಅಲ್ಲ'ವನ್ನು ಹೊಡೆದುಹಾಕಿ, ದುಂಡಗಿನ ಅಕ್ಷರದಲ್ಲಿ 'ಹೌದು, ಹೆತ್ತ ಮಗ' ಎಂದು ಬರೆದಳು.

"ಬೇರೆ ಅಧಿಕಾರಿ ಯಾರೂ ಇಲ್ವಾ?" ಎಂದ ಅಮಾರುಕ್.

"ಇದಾರಲ್ಲ. ಬರೋ ವರ್ಷ ಬರ್ತಾರೆ." ಉಳಿದ ಮೀನನ್ನು ಅವಳು ಚೀಲಕ್ಕೆ ಹಾಕಿಕೊಂಡಳು. "ಇದಕ್ಕೆ ಅಮ್ಮನ ಹತ್ರ ದುಡ್ಡು ಕೇಳಲ್ಲ ತಾನೆ?"

ಸಿಯಾಸಿ ಕುಸಿದು ಕೂತವಳು, ಏನೋ ಹೊಳೆದು ಸೆರಗಿಲ್ಲದ ಸೊಸೆಯಾಗಿ ಕೈ ಕಟ್ಟಿ ಎದ್ದು ನಿಂತಳು. "ಅತ್ತೇ, ನಾನು ಹೇಳಿದ್ರೆ ಇವನು ಕೇಳಲ್ಲ. ನಿಮ್ಮ ಮಗನಿಗೆ ನೀವೇ ಒಂದು ಮಾತು ಹೇಳಿ. ನಮ್ಮಣ್ಣನ ಅಂಗಡೀಲಿ ಕೆಲಸ ಇದೆ."

ಲೀಟಿಯಾ ಒಂದು ಕಣ್ಣು ಮುಚ್ಚಿ ಅಮಾರುಕ್‌ನನ್ನು ನೋಡಿದಳು.

"ಸೋಮವಾರ ಎಂಟಕ್ಕೆ ಹೋಗ್ತೀಯೋ ಇಲ್ವೋ?"

ಬಾಗಿಲಲ್ಲಿ ಲುಕಾಸಿ ಹಲ್ಲು ಕಿರಿಯುತ್ತಿದ್ದ.

"ಹೋಗ್ತೀನಮ್ಮಾ," ಎಂದ ಅಮಾರುಕ್.