ಧನ್ಯವಾದದಲ್ಲಿ ಬಿಟ್ಟುಹೋದವನು

"ಇದು ಎಂತ ಹಾಲಿನ ಸೊಸೈಟಿಯ ಮಹಾಸಭೆಯಾ, ನಿಮ್ಮ ಹೆಸರು ಮೈಕಲ್ಲಿ ಹೇಳ್ಲಿಕ್ಕೆ? ಹುಡುಗಿ ಐದು ನಿಮಿಷದಲ್ಲಿ ಪಾತ್ರ ಮಾಡಿ ತೋರಿಸುದಾ, ನಿಮ್ಮ ಬಿರುದು ಓದುದಾ?"

"ಬಿರುದು ಯಾರಿಗೆ ಬೇಕು? 'ರಂಗಗುರು ದೇರಣ್ಣ' ಅಂತ ಎರಡು ಶಬ್ದ. ಎರಡು ಶಬ್ದಕ್ಕೆ ನಾಲಿಗೆ ಸವೆಯುದಿಲ್ಲ."

"ರಂಗಗುರುವಂತೆ. ಮೂವತ್ತು ವರ್ಷ ಒಂದೇ ರಕ್ಕಸ ವೇಷ ಹಾಕಿ, ಬಂದು ಒಮ್ಮೆ ಕೂಗಿ, ಆಮೇಲೆ ಒಮ್ಮೆ ಸತ್ತವರು ನೀವು."

"ಸಾಯುದು ಸುಲಭ ಅಂತ ಮಾಡಿದ್ದೀರಾ ರೈಗಳೇ?"

ಬೆಳಿಗ್ಗೆ ಏಳು ಗಂಟೆ. ಕೋಡಿಂಬಾಳದ ತ್ಯಾಂಪಣ್ಣ ರೈಗಳ ಅಂಗಳದಲ್ಲಿ ರೈಗಳಿಗೂ ವೇಷ ಕಲಿಸುವ ದೇರಣ್ಣನಿಗೂ ಈ ಮಾತು ನಡೆಯುತ್ತಿದ್ದಾಗ, ಯಾರಿಗಾಗಿ ಇದೆಲ್ಲವೋ ಆ ಹುಡುಗಿ, ರೈಗಳ ಮಗಳು ಪ್ರೀತಿಕಾ ಮೆಟ್ಟಿಲ ಮೇಲೆ ಕೂತು ನೀರುದೋಸೆ ತಿನ್ನುತ್ತಿದ್ದಳು. ಒಂಬತ್ತನೆಯ ತರಗತಿ ಮುಗಿಸಿದ ಸಪೂರ ಹುಡುಗಿ. ಮನೆಯಲ್ಲಿ ಅಪ್ಪನೇ ಎಲ್ಲರ ಪಾಲಿನ ಮಾತನ್ನೂ ಆಡಿ ಮುಗಿಸುತ್ತಿದ್ದುದರಿಂದ ಅವಳು ಸುಮ್ಮನೆ ನೋಡುವುದನ್ನು ಕಲಿತಿದ್ದಳು.

ಪುತ್ತೂರಿನಲ್ಲಿ ಹೈಸ್ಕೂಲು ಮಕ್ಕಳಿಗೆಂದು ಒಂದು ತಿಂಗಳ ಬೇಸಿಗೆ ಕಲಾ ಶಿಬಿರ. ನಾಟಕಕ್ಕೆ ಹತ್ತೇ ಸೀಟು. ಅರ್ಜಿ ಹಾಕಿದವರು ನೂರ ಅರವತ್ತು. ಇವತ್ತು ಆಯ್ಕೆಯ ಕೊನೆಯ ದಿನ. ಒಬ್ಬೊಬ್ಬರಿಗೆ ಐದು ನಿಮಿಷ, ಅದರಲ್ಲಿಯೇ ತಮ್ಮ ಪರಿಚಯವನ್ನೂ ಹೇಳಿಕೊಳ್ಳಬೇಕು, ಫಲಿತಾಂಶ ಅಲ್ಲಿಯೇ ಹೇಳುತ್ತಾರೆ ಎಂದು ಕಾಗದದಲ್ಲಿತ್ತು. ಪ್ರೀತಿಕಾ ಮೂರು ತಿಂಗಳಿಂದ ಬೇರೇನನ್ನೂ ಕೇಳಿರಲಿಲ್ಲ. ಹುಟ್ಟುಹಬ್ಬಕ್ಕೆ ಎಂತ ಬೇಕು ಎಂದರೆ, "ಆ ಶಿಬಿರ" ಎಂದಿದ್ದಳು. ತ್ಯಾಂಪಣ್ಣನಿಗೆ ಮಗಳಿಗಿಂತ ಹೆಚ್ಚು ಹೆದರಿಕೆ. ಅದನ್ನು ಅಡಗಿಸಲು ಅವನಿಗೆ ಗೊತ್ತಿದ್ದ ಒಂದೇ ಉಪಾಯವೆಂದರೆ ಎದುರು ಸಿಕ್ಕವರಿಗೆ ಬೈಯುವುದು.

"ಅಪ್ಪ, ಹೇಳ್ತೇನೆ ಬಿಡಿ. ಪರಿಚಯದಲ್ಲಿ ಎಲ್ಲರ ಹೆಸರೂ ಹೇಳ್ತೇನೆ" ಎಂದಳು ಪ್ರೀತಿಕಾ.

"ಎಲ್ಲರದ್ದಾ? ಹಾಗಾದ್ರೆ ಪಟ್ಟಿ ಮಾಡುವ. ಒಂದು ಹೆಸರು ತಪ್ಪಿದ್ರೆ ಎಂತ ಆಗ್ತದೆ ಅಂತ ನಂಗೆ ಗೊತ್ತುಂಟು" ಎಂದು ತ್ಯಾಂಪಣ್ಣ ಕೂಡಲೇ ತಣ್ಣಗಾದ.

ಗೊತ್ತಿರಲೇಬೇಕಿತ್ತು. ಹೋದ ವರ್ಷದ ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಧನ್ಯವಾದ ಸಮರ್ಪಣೆ ಮಾಡಿದ್ದು ಅವನೇ. ನಮ್ಮ ಕಡೆ ಸ್ವಾಗತ ಭಾಷಣ ಯಾರೂ ಕೇಳುವುದಿಲ್ಲ. ಧನ್ಯವಾದಕ್ಕೆ ಮಾತ್ರ ಇಡೀ ಊರು ಕಿವಿ ನಿಮಿರಿಸಿ ಕೂರುತ್ತದೆ. ತ್ಯಾಂಪಣ್ಣ ಮೂವತ್ತೇಳು ಹೆಸರು ಹೇಳಿದ. ಐಸ್‌ಕ್ಯಾಂಡಿಯವನನ್ನೂ ಬಿಡಲಿಲ್ಲ. ಆದರೆ ಮೂರು ಟ್ರಿಪ್ ಬೆಂಚು, ಒಂದು ಟ್ರಿಪ್ ಮೈಕ್ ಸೆಟ್ಟು ಹೊತ್ತು ತಂದ ಜೀಪಿನ ವೆಂಕಪ್ಪ ಗೌಡನ ಹೆಸರು ಬಿಟ್ಟೇಹೋಯಿತು. ವೆಂಕಪ್ಪ ಎದ್ದು ಹೋದ. ಮರುದಿನ ತ್ಯಾಂಪಣ್ಣ ಅವನ ಮನೆಗೆ ಓಡಿ, "ಹೇಳಿದ್ದೆ ಮಾರಾಯ, ನೀನು ಎದ್ದು ಹೋದ ಮೇಲೆ ಹೇಳಿದ್ದು" ಎಂದ. ಸಾಕ್ಷಿಗೆ ದೇರಣ್ಣನನ್ನೂ ಪಕ್ಕದ ಮನೆಯ ದರ್ಜಿ ರಮ್ಲತಳನ್ನೂ ಕರೆದುಕೊಂಡು ಹೋಗಿದ್ದ. ಇಬ್ಬರೂ ತಲೆಯಾಡಿಸಿದರು. ವಾರ ಕಳೆಯುವುದರೊಳಗೆ ಕಾರ್ಯಕ್ರಮದ ವೀಡಿಯೊ ಎಲ್ಲರ ಮೊಬೈಲಿಗೂ ಬಂತು. ಧನ್ಯವಾದ ಪೂರ್ತಿ ಇತ್ತು. ವೆಂಕಪ್ಪ ಮಾತ್ರ ಅದರಲ್ಲಿ ಇರಲಿಲ್ಲ. ಚೌತಿಯ ತನಕ ಎಂಟು ತಿಂಗಳು ಅವನು ತ್ಯಾಂಪಣ್ಣನ ಹತ್ತಿರ ಮಾತಾಡಲಿಲ್ಲ.

ಆದ್ದರಿಂದ ಈಗ ತ್ಯಾಂಪಣ್ಣ ಪಟ್ಟಿಯಲ್ಲಿ ವೆಂಕಪ್ಪನ ಹೆಸರನ್ನು ಮೊದಲು ಬರೆದು ಅಡಿಯಲ್ಲಿ ಎರಡು ಗೆರೆ ಎಳೆದ.

ಅಷ್ಟರಲ್ಲಿ ಜೀಪು ಬಂತು. ಪುತ್ತೂರಿಗೆ ಬರ್ತೀಯಾ ಎಂದು ತ್ಯಾಂಪಣ್ಣ ಮುನ್ನಾದಿನ ಹೆದರಿ ಹೆದರಿ ಕೇಳಿದ್ದಕ್ಕೆ ವೆಂಕಪ್ಪ, "ನಂಗೂ ಆ ಕಡೆ ಹೋಗುದುಂಟು" ಎಂದಷ್ಟೇ ಹೇಳಿದ್ದ. ಅವನು ಮಾತನ್ನು ಡೀಸೆಲಿನ ಹಾಗೆ ಉಳಿಸಿ ಖರ್ಚು ಮಾಡುವ ಮನುಷ್ಯ.

"ವೆಂಕಪ್ಪಣ್ಣ, ನಿನ್ನ ಹೆಸರು ಎಲ್ಲಕ್ಕಿಂತ ಮೇಲೆ ಉಂಟು. ನೋಡು" ಎಂದು ತ್ಯಾಂಪಣ್ಣ ಪಟ್ಟಿ ತೋರಿಸಿದ.

"ನಂಗೆ ಹೆಸರೆಲ್ಲ ಎಂತಕ್ಕೆ" ಎಂದು ವೆಂಕಪ್ಪ ಹೆಗಲ ಮೇಲಿದ್ದ ಬೈರಾಸಿನಿಂದ ಸ್ಟಿಯರಿಂಗ್ ಒರೆಸಿದ. ಆದರೆ ಒರೆಸುತ್ತಲೇ ಪಟ್ಟಿಯನ್ನು ಎರಡು ಸಲ ಓದಿದ.

ರಮ್ಲತ್ ಕೆಂಪು ಬಟ್ಟೆಯ ದೊಡ್ಡ ಮುದ್ದೆಯನ್ನು ಅವುಚಿಕೊಂಡು ಹತ್ತಿದಳು. ಪ್ರೀತಿಕಾ ಮಾಡಬೇಕಾಗಿದ್ದುದು ದೇರಣ್ಣ ಕಲಿಸಿದ ರಕ್ಕಸನ ಪ್ರವೇಶ. ಅದರ ಅಂಗಿ ಇದು. ಭುಜಕ್ಕೆ ಎರಡು ತಲೆದಿಂಬು ಸೇರಿಸಿ ಹೊಲಿದಿದ್ದಳು.

"ಅಂಚು ಮಾತ್ರ ಬಾಕಿ. ಸವಣೂರು ಬರುವಾಗ ಮುಗೀತದೆ" ಎಂದಳು, ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು. "ರೈಗಳೇ, ನಂಗೆ ಹೆಸರು ಬೇಡ ಆಯ್ತಾ. ಅಂಗಡಿಯ ಹೆಸರು ಹೇಳಿದ್ರೆ ಸಾಕು. ಬಸ್‌ಸ್ಟ್ಯಾಂಡಿನ ಹತ್ರ ಅಂತಲೂ ಹೇಳ್ಬೇಕು. ಇಲ್ಲದಿದ್ರೆ ಜನ ಹುಡುಕ್ತಾರೆ."

ಜೀಪು ಶಾಂತಿಮೊಗರು ಸೇತುವೆ ದಾಟಿತು. ಹಿಂದಿನ ಸೀಟಿನಲ್ಲಿ ರಕ್ಕಸನ ಅಂಗಿ ಮೂವರ ತೊಡೆಯ ಮೇಲೆ ಹರಡಿತ್ತು. ತ್ಯಾಂಪಣ್ಣ ಒಂದು ತುದಿ ಹಿಡಿದಿದ್ದ, ರಮ್ಲತ್ ಸೂಜಿ ಆಡಿಸುತ್ತಿದ್ದಳು, ದೇರಣ್ಣ ಅಂಗಿಯೊಳಗೆ ಕೈ ತೂರಿಸಿ ರಕ್ಕಸ ಹೇಗೆ ಗದೆ ಎತ್ತಬೇಕು ಎಂದು ತೋರಿಸುತ್ತಿದ್ದ. ಮುಂದಿನ ಸೀಟಿನಲ್ಲಿ ಪ್ರೀತಿಕಾ ಕನ್ನಡಿಯಲ್ಲಿ ಮೂವರನ್ನೂ ನೋಡುತ್ತಿದ್ದಳು.

ಪುತ್ತೂರು ಮುಟ್ಟಿದಾಗ ಒಂಬತ್ತೂವರೆ. ಸಭಾಭವನದ ಎದುರು ಜೀಪು ನಿಂತದ್ದೇ ತಡ, ರಮ್ಲತ್ ಅಂಗಿಯನ್ನು ಎತ್ತಿಕೊಂಡು ಕೆಳಗೆ ಹಾರಿದಳು. ಅವಳ ಹಿಂದೆಯೇ ತ್ಯಾಂಪಣ್ಣನೂ ಹಾರಿದ, ಅವನ ಇಚ್ಛೆಗೆ ವಿರುದ್ಧವಾಗಿ. ರಕ್ಕಸನ ಅಂಗಿಯ ಅಂಚಿಗೆ ಅವನು ಉಟ್ಟ ಬಿಳಿ ಮುಂಡಿನ ತುದಿಯೂ ಸೇರಿ, ಮೊಳ ಉದ್ದಕ್ಕೆ ಒತ್ತೊತ್ತಾಗಿ ಹೊಲಿಗೆ ಬಿದ್ದಿತ್ತು.

"ಅಲ್ಲಾಡ್ಬೇಡಿ ರೈಗಳೇ. ಬಿಚ್ಚುವ, ಐದು ನಿಮಿಷ" ಎಂದಳು ರಮ್ಲತ್.

ಗೇಟಿನಲ್ಲಿ ಅಷ್ಟೊಂದು ಜನ ನೋಡುತ್ತಿರುವಾಗ, ಮುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಐದು ನಿಮಿಷ ಅಲ್ಲಾಡದೆ ನಿಲ್ಲುವ ಜಾತಿಯವನಲ್ಲ ತ್ಯಾಂಪಣ್ಣ. "ಎಂತ ಕಣ್ಣಾ ನಿನ್ನದು, ಗುಂಡಿಯಾ" ಎಂದು ಬೈದು ಒಂದೇ ಎಳೆತ ಎಳೆದ. ರಮ್ಲತಳ ಹೊಲಿಗೆ ಎಂಥದ್ದೆಂದು ಆಗ ಪುತ್ತೂರಿಗೆ ಗೊತ್ತಾಯಿತು. ಹೊಲಿಗೆ ಬಿಡಲಿಲ್ಲ, ಅಂಗಿಯೇ ಕುತ್ತಿಗೆಯಿಂದ ಕೆಳಗಿನ ತನಕ ಬಾಳೆ ಎಲೆಯ ಹಾಗೆ ಸೀಳಿತು. ಒಂದು ತಲೆದಿಂಬು ಹೊಟ್ಟೆ ಒಡೆದು ಹತ್ತಿ ಗಾಳಿಗೆ ಹಾರಿತು.

ಹಾರುವ ಹತ್ತಿಯನ್ನು ನೋಡುತ್ತ ದೇರಣ್ಣ, "ರಕ್ಕಸನನ್ನು ಇಷ್ಟು ಬೇಗ ಕೊಂದವರನ್ನು ನಾನು ನೋಡಿಲ್ಲ" ಎಂದ.

ತ್ಯಾಂಪಣ್ಣ ಮಗಳ ಮುಖ ನೋಡಲಾರದೆ ಹತ್ತಿ ಹೆಕ್ಕತೊಡಗಿದ. ಮೂರು ತಿಂಗಳ ಆಸೆ ತನ್ನ ಒಂದು ಎಳೆತಕ್ಕೆ ಹೋಯಿತು ಎಂದು ಅವನಿಗೆ ಅಳು ಬರುವ ಹಾಗಾಯಿತು. ಒಳಗಿನಿಂದ ಪ್ರೀತಿಕಾಳ ಹೆಸರು ಕರೆದರು.

"ಮಗಾ, ಈಗ ಎಂತ ಮಾಡುದು?"

"ಹೋಗ್ತೇನೆ ಅಪ್ಪ. ಪರಿಚಯ ಆದರೂ ಹೇಳಿ ಬರ್ತೇನೆ."

ಬಾಗಿಲಲ್ಲಿ ಎಲ್ಲರ ಮೊಬೈಲನ್ನೂ ಬುಟ್ಟಿಗೆ ಹಾಕಿಸಿಕೊಂಡರು. ಒಳಗೆ ಹೆತ್ತವರೇ ತುಂಬಿದ್ದರು. ಮುಂದಿನ ಸಾಲಿನಲ್ಲಿ ಮೂವರು ತೀರ್ಪುಗಾರರು; ನಡುವೆ ಕೂತ ಕನ್ನಡಕದ ಮೇಡಮ್ಮಿನ ಎದುರು ಸಮಯ ಮುಗಿದಾಗ ಬಾರಿಸುವ ಗಂಟೆ. ವೆಂಕಪ್ಪ ಬೈರಾಸನ್ನು ಕುರ್ಚಿಯ ಬೆನ್ನಿಗೆ ಹಾಕಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ಕೂತ.

ಪ್ರೀತಿಕಾ ಬರೀ ಚೂಡಿದಾರದಲ್ಲಿ ವೇದಿಕೆಗೆ ಬಂದಳು.

"ನಾನು ರಕ್ಕಸ ಆಗ್ಬೇಕಿತ್ತು. ರಕ್ಕಸನ ಅಂಗಿ ಗೇಟಿನಲ್ಲಿ ಹರಿದುಹೋಯಿತು. ಹಾಗಾಗಿ ನನ್ನನ್ನು ಇಲ್ಲಿಯ ತನಕ ತಂದವರಿಗೆ ಧನ್ಯವಾದ ಹೇಳ್ತೇನೆ" ಎಂದಳು. ತ್ಯಾಂಪಣ್ಣ ಕಣ್ಣು ಮುಚ್ಚಿಕೊಂಡ.

ಮುಚ್ಚಿದ್ದು ಕಿವಿಗಳನ್ನಲ್ಲವಲ್ಲ. ದೇರಣ್ಣನ ಧ್ವನಿ ಕೇಳಿಸಿತು. "ಎರಡು ಶಬ್ದಕ್ಕೆ ನಾಲಿಗೆ ಸವೆಯುದಿಲ್ಲ. ಸಾಯುದು ಸುಲಭ ಅಂತ ಮಾಡಿದ್ದೀರಾ?" ಕಣ್ಣು ಬಿಟ್ಟರೆ ದೇರಣ್ಣ ಪಕ್ಕದಲ್ಲಿ ಬಾಯಿ ತೆರೆದು ಕೂತಿದ್ದಾನೆ, ಮಾತಾಡಿದ್ದು ಮಗಳು. ಎದೆ ಉಬ್ಬಿಸಿ, ಮೂವತ್ತು ವರ್ಷದ ರಕ್ಕಸನಂತೆ ಮೂರು ಹೆಜ್ಜೆ ಬಂದು, ಬಾಣ ತಾಗಿ ಬಿದ್ದು, ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ಚಪ್ಪಾಳೆ ಬಂತಾ ಎಂದು ನೋಡಿದಳು. ಸಭೆ ಘೊಳ್ಳೆಂದಿತು.

ಆಮೇಲೆ ತುಟಿಯಲ್ಲಿ ಇಲ್ಲದ ಗುಂಡುಪಿನ್ನು ಕಚ್ಚಿಕೊಂಡು ರಮ್ಲತ್ ಬಂದಳು, ಅಂಗಡಿಯ ಹೆಸರು, ಬಸ್‌ಸ್ಟ್ಯಾಂಡಿನ ಗುರುತು ಸಮೇತ. ಆಮೇಲೆ ಅಪ್ಪ ಬಂದ. ಗದರುವ, ಬೆರಳು ಆಡಿಸುವ, ಬೈದು ಮುಗಿಯುವುದರೊಳಗೆ ಮಗಳ ತಲೆಗೆ ಬಿಸಿಲು ತಾಗದಂತೆ ಕೊಡೆ ಹಿಡಿಯುವ ಅಪ್ಪ. ತನ್ನನ್ನು ತಾನೇ ನೋಡಿ ತ್ಯಾಂಪಣ್ಣನಿಗೆ ಸಿಟ್ಟು ಬರಬೇಕಿತ್ತು. ನಗು ಬಂತು, ನಗುವಿನ ಜೊತೆಗೆ ಕಣ್ಣಲ್ಲಿ ನೀರೂ ಬಂತು.

ದೇರಣ್ಣ ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈ ಮುಗಿದ. ರಮ್ಲತ್ ಪಕ್ಕದವಳಿಗೆ, "ಅದು ನಾನೇ. ಬ್ಲೌಸ್ ಕೂಡ ಹೊಲೀತೇನೆ" ಎಂದಳು.

ಆಗ ಗಂಟೆ ಬಡಿಯಿತು. ಐದು ನಿಮಿಷ ಮುಗಿದಿತ್ತು.

ಪಟ್ಟಿಯ ಮೊದಲ ಹೆಸರು ಇನ್ನೂ ಬಂದಿರಲಿಲ್ಲ. ತ್ಯಾಂಪಣ್ಣ ಮೆಲ್ಲನೆ ತಿರುಗಿ ನೋಡಿದ. ವೆಂಕಪ್ಪ ಎದ್ದಾಗಿತ್ತು. ಮೇಲಿನ ಗುಂಡಿ ಬಿಚ್ಚುತ್ತಿದ್ದ.

"ಕೂತ್ಕೊ ಮಾರಾಯ, ಒಂದು ನಿಮಿಷ."

"ಜೀಪು ಬಿಸಿಲಲ್ಲಿ ಉಂಟು. ನೆರಳಿಗೆ ಹಾಕಿ ಬರ್ತೇನೆ" ಎಂದು ವೆಂಕಪ್ಪ ಹೊರಟ. ಬೈರಾಸು ಕುರ್ಚಿಯಲ್ಲೇ ಉಳಿಯಿತು.

ತೀರ್ಪುಗಾರರು ಮೂರೂ ತಲೆ ಸೇರಿಸಿ ಏನೋ ಪಿಸುಗುಟ್ಟಿದರು. ಮೇಡಂ ತಲೆಯೆತ್ತಿ, "ಇನ್ನು ಯಾರಾದರೂ ಬಾಕಿ ಇದ್ದಾರಾ?" ಎಂದು ಕೇಳಿದರು.

"ಒಬ್ಬರು ಇದ್ದಾರೆ ಮೇಡಂ. ಅವರಿಗೆ ಹೇಳುದು ಹೆಚ್ಚು ಉಂಟು ಅಂತ ಕೊನೆಗೆ ಇಟ್ಟಿದ್ದೆ."

"ಹೇಳು. ಗಂಟೆ ಬಡಿಯುದಿಲ್ಲ."

ಪ್ರೀತಿಕಾ ಒಂದು ಕುರ್ಚಿ ಎಳೆದು ಕೂತಳು. ಈ ಸಲ ಧ್ವನಿ ಏರಿಸಲಿಲ್ಲ. ಎರಡು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ, ಗಂಟಲು ಸರಿ ಮಾಡಿಕೊಂಡಳು.

"ಜೀಪು ಹತ್ತು. ನಂಗೂ ಆ ಕಡೆ ಹೋಗುದುಂಟು."

ಇಡೀ ಸಭೆಗೆ ವೆಂಕಪ್ಪ ಕಂಡ.

"ಮಳೆಗಾಲದಲ್ಲಿ ನಮ್ಮ ಬಸ್ಸು ಬರುದು ಬಿಡುದು ದೇವರಿಗೇ ಗೊತ್ತು. ಎರಡು ಮಳೆಗಾಲ ವೆಂಕಪ್ಪ ಮಾಮ ನನ್ನನ್ನು ಶಾಲೆಗೆ ಬಿಟ್ಟರು. ಬಿಟ್ಟು, ಅಲ್ಲಿಯೇ ಜೀಪು ತಿರುಗಿಸಿ ಮನೆಗೆ ಹೋಗ್ತಿದ್ದರು. ಮಾಮ, ನಿಮಗೆ ಈ ಕಡೆ ಎಂತ ಕೆಲಸ ಅಂತ ಒಮ್ಮೆ ಕೇಳಿದೆ. ಟಯರಿಗೆ ಗಾಳಿ ಹಾಕಿಸ್ಲಿಕ್ಕೆ ಉಂಟು ಅಂದರು. ಎರಡು ಮಳೆಗಾಲ ದಿನಾ ಗಾಳಿ ಹಾಕಿಸಿದರು. ಅದರಲ್ಲಿ ಒಂದು ಮಳೆಗಾಲ ಅವರಿಗೂ ನಮ್ಮ ಅಪ್ಪನಿಗೂ ಮಾತು ಇರಲಿಲ್ಲ. ಅಪ್ಪನ ಹತ್ತಿರ ಮಾತು ಬಿಟ್ಟರು, ನನ್ನನ್ನು ದಾರಿಯಲ್ಲಿ ಬಿಡಲಿಲ್ಲ. ಮಾಮ, ನಾನು ಯಾವತ್ತೂ ಹೇಳಿಲ್ಲ. ಇವತ್ತು ಹೇಳ್ತಿದ್ದೇನೆ."

ಎದ್ದು, ಮೂರನೇ ಸಾಲಿನ ಖಾಲಿ ಕುರ್ಚಿಯ ಕಡೆಗೆ ಕೈ ಮುಗಿದಳು. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅದು ಖಾಲಿ ಎಂದು ಅವಳಿಗೆ ಕಾಣಲಿಲ್ಲ. ಆಗ ಬಿದ್ದ ಚಪ್ಪಾಳೆ ತಗಡಿನ ಮಾಡಿಗೆ ಆಟಿ ತಿಂಗಳ ಜಡಿಮಳೆ ಹೊಯ್ದ ಹಾಗಿತ್ತು.

ತ್ಯಾಂಪಣ್ಣ ಚಪ್ಪಾಳೆ ತಟ್ಟಲಿಲ್ಲ. ಮಗಳು ಎರಡು ವರ್ಷ ಒದ್ದೆಯಾಗದೆ ಶಾಲೆಗೆ ಹೇಗೆ ಹೋದಳು ಎಂದು ತಾನು ಒಂದು ದಿನವೂ ಯೋಚಿಸಿರಲಿಲ್ಲವಲ್ಲ ಎಂದು ಕೂತಲ್ಲೇ ಕುಗ್ಗಿಹೋದ. ಮೂವತ್ತೇಳು ಹೆಸರು ಓದಿದ ಆ ದಿನ ಬಾಯಿಯಲ್ಲಿ ಎಷ್ಟು ಕೃತಜ್ಞತೆ ಇತ್ತೋ, ಅದಕ್ಕಿಂತ ಹೆಚ್ಚು ಈಗ ಎದೆಯಲ್ಲಿ ತುಂಬಿ ಬಂದಿತ್ತು. ಈಗಲೇ ಹೋಗಿ ವೆಂಕಪ್ಪನ ಕೈ ಹಿಡಿದುಕೊಳ್ಳಬೇಕು ಎಂದು ಎದ್ದ.

ಬಾಗಿಲ ಹತ್ತಿರ ಮೇಡಂ ಅಡ್ಡ ಬಂದರು. "ನಿಮ್ಮ ಮಗಳಿಗೆ ಸೀಟು ಆಯಿತು. ಒಂದೇ ಷರತ್ತು. ಮೂವತ್ತು ದಿನ, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಇಲ್ಲಿರಬೇಕು. ಒಂದು ದಿನ ತಡವಾದರೂ ಸೀಟು ಬೇರೆಯವರಿಗೆ. ದೂರದಿಂದ ಬರುವವರು ನೀವು, ವಾಹನದ ವ್ಯವಸ್ಥೆ ಉಂಟಲ್ಲ?"

"ಉಂಟು ಮೇಡಂ. ಜೀಪು ಉಂಟು. ಹೊರಗೆ ನೆರಳಿಗೆ ಹಾಕಿದ್ದಾರೆ" ಎಂದು ತ್ಯಾಂಪಣ್ಣ ಸಹಿ ಹಾಕಿ, ಬೈರಾಸು ಹಿಡಿದುಕೊಂಡು ಹೊರಗೆ ಓಡಿದ. ಕೋಡಿಂಬಾಳದಿಂದ ಆ ಹೊತ್ತಿಗೆ ಪುತ್ತೂರು ಮುಟ್ಟಿಸುವ ಬಸ್ಸು ಇಲ್ಲ ಎಂದು ಅವನಿಗೆ ಗೊತ್ತಿತ್ತು.

ಹೊರಗೆ ನೆರಳು ಬೇಕಾದಷ್ಟಿತ್ತು. ಮಾವಿನಮರದ ಅಡಿಯಲ್ಲಿ, ಗೋಡೆಯ ಬದಿಯಲ್ಲಿ, ಎಲ್ಲ ಕಡೆ. ಜೀಪು ಮಾತ್ರ ಎಲ್ಲಿಯೂ ಇರಲಿಲ್ಲ. ಬೆಳಿಗ್ಗೆ ನಿಂತಿದ್ದ ಜಾಗದಲ್ಲಿ ಮೂರು ತೊಟ್ಟು ಆಯಿಲು ಬಿದ್ದಿತ್ತು. ಬಾಗಿಲಿಗೆ ಮರಳಿ ಬುಟ್ಟಿಯಿಂದ ಮೊಬೈಲು ತೆಗೆದು ಕರೆ ಮಾಡಿದ. ಎರಡು ಸಲ ರಿಂಗಾಗಿ ಕಟ್ ಆಯಿತು. ಮೂರನೆಯ ಸಲ ಸ್ವಿಚ್ ಆಫ್.

"ಮನೆಗೆ ಹೋಗಿ ಹೇಳುವ. ಹೆಸರು ಹೇಳಿದ್ದಾಳೆ ಅಂತ" ಎಂದಳು ರಮ್ಲತ್.

"ಯಾವಾಗ ಹೇಳಿದ್ದು ಅಂತ ಕೇಳಿದ್ರೆ?" ಎಂದ ದೇರಣ್ಣ.

ತ್ಯಾಂಪಣ್ಣ ಬಾಯಿ ತೆರೆದ. "ಅವನು ಎದ್ದು ಹೋದ ಮೇಲೆ" ಎಂದವನು ಅಲ್ಲಿಗೇ ನಿಲ್ಲಿಸಿದ.

ಹೋದ ವರ್ಷದ ಅದೇ ಮಾತು, ಹೇಳುವವನೂ ಅವನೇ, ಸಾಕ್ಷಿಗಳೂ ಅವರೇ ಇಬ್ಬರು. ಈ ಸಲ ವೀಡಿಯೊ ಕೂಡ ಇರಲಿಲ್ಲ.

"ನಾನು ಬರುದಿಲ್ಲ ಸಾಕ್ಷಿಗೆ" ಎಂದ ದೇರಣ್ಣ. "ನಾನೂ" ಎಂದಳು ರಮ್ಲತ್.

ಪ್ರೀತಿಕಾ ಆಯ್ಕೆಯ ಕಾಗದ ಹಿಡಿದು ನಗುತ್ತಾ ಹೊರಗೆ ಬಂದಳು. "ಅಪ್ಪ, ವೆಂಕಪ್ಪ ಮಾಮ ಎಂತ ಹೇಳಿದರು? ಖುಷಿ ಆಯ್ತಾ ಅವರಿಗೆ?"

"ಜೀಪು ನೆರಳಿಗೆ ಹಾಕ್ಲಿಕ್ಕೆ ಹೋಗಿದ್ದಾರೆ ಮಗಾ. ಈಗ ಬರ್ತಾರೆ" ಎಂದು ತ್ಯಾಂಪಣ್ಣ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಮಾವಿನಮರದ ಕಟ್ಟೆಯ ಮೇಲೆ ಕೂತ. ಕೂತು, 'ಹೇಳಿದ್ದಾಳೆ ಮಾರಾಯ, ನೀನು ಎದ್ದು ಹೋದ ಮೇಲೆ ಹೇಳಿದ್ದು' ಎನ್ನುವುದನ್ನು ಮನಸ್ಸಿನಲ್ಲೇ ಹತ್ತು ಬಗೆಯಲ್ಲಿ ಹೇಳಿ ನೋಡಿದ. ಹತ್ತೂ ಬಗೆಯಲ್ಲಿ ಅದು ಅವನ ಕಿವಿಗೇ ಸುಳ್ಳಿನಂತೆ ಕೇಳಿಸಿತು.

ಮಧ್ಯಾಹ್ನ ಕಳೆಯಿತು. ಮರದ ನೆರಳು ಗೇಟು ದಾಟಿ ರಸ್ತೆಗೆ ಇಳಿಯಿತು. ಊರ ಕಡೆಗೆ ಕಡಬದ ಎರಡು ಬಸ್ಸು ಹೋಯಿತು. ವೆಂಕಪ್ಪ ಬರಲಿಲ್ಲ.