ಒಂಟಿಕೊಪ್ಪಲ್‌ನಲ್ಲಿ ನೋಡಬೇಕಾದ ಮೂರು ಮನೆ

ಮೂವತ್ತನಾಲ್ಕು ವರ್ಷ ಒಂಟಿಕೊಪ್ಪಲ್‌ನಲ್ಲಿ ಕಾಗದ ಹಂಚಿದವನು ನಾನು. ನಿವೃತ್ತಿಯಾದ ಮೇಲಾದರೂ ಎದೆ ಒಂದು ಹದದಲ್ಲಿ ಹೊಡೆದುಕೊಂಡೀತು ಎಂದುಕೊಂಡಿದ್ದೆ. ನಾಯಿಗಳಿಲ್ಲ, ತಂತಿ ಸಮಾಚಾರವಿಲ್ಲ, ಇನ್ನೇನು ಗಾಬರಿ? ಆದರೆ ಗಾಬರಿ ಬೀಳುವ ಯೋಗ ಇದ್ದವನನ್ನು ಪೆನ್ಷನ್ ಕೂಡ ಕಾಪಾಡುವುದಿಲ್ಲ.

ಆದದ್ದಿಷ್ಟು. ಬಡಾವಣೆಯ ಸಂಘದವರು ಹಳೆಯ ಬಂಗಲೆಗಳನ್ನು ತೋರಿಸುವ ಭಾನುವಾರದ ನಡಿಗೆ ಶುರು ಮಾಡಿದರು. ಮನೆಮನೆಯೂ ಗೊತ್ತಿರುವವನು ಪೋಸ್ಟ್‌ಮ್ಯಾನ್ ಅಲ್ಲದೆ ಇನ್ಯಾರು ಎಂದು ನನ್ನನ್ನೇ ಹಿಡಿದರು. ಕರಪತ್ರವೂ ಅಚ್ಚಾಯಿತು: ಪಾರ್ಕಿನಲ್ಲಿ ಅಡ್ಡಾಡಿ, ಹೋಟೆಲಿನಲ್ಲಿ ಕಾಫಿ ಕುಡಿಯಿರಿ, ಮೂರು ಹಳೆಯ ಮನೆಗಳನ್ನು ಒಳಗಿನಿಂದ ನೋಡಿ. ನಿಜ ಹೇಳಬೇಕೆಂದರೆ ಒಳಗಿನಿಂದ ನೋಡುವ ಆಸೆ ನನಗೇ ಹೆಚ್ಚಾಗಿತ್ತು. ಅಷ್ಟು ವರ್ಷ ಗೇಟಿನ ಡಬ್ಬಿಯ ತನಕ ಹೋಗಿ ತಿರುಗಿ ಬಂದವನು ನಾನು. ಈಗ ಭಾನುವಾರ ನಡಿಗೆ, ಉಳಿದ ದಿನ ಅದರ ತಯಾರಿ. ಅದೇನಾದರೂ ನಿಂತರೆ ನಾನು ಇಡೀ ದಿನ ಮನೆಯಲ್ಲೇ ಕೂರಬೇಕು. ಈ ಭಯ ನನಗಿಂತ ನನ್ನ ಹೆಂಡತಿಗೆ ಜಾಸ್ತಿ.

ಮೊದಲನೇ ಮನೆ

ಮೊದಲ ನಡಿಗೆಗೆ ಬಂದವರು ಹನ್ನೊಂದು ಜನ. ಐವರು ಗಂಡಸರು, ಆರು ಜನ ಹೆಂಗಸರು. ಮೊದಲನೇ ಮನೆಯ ಯಜಮಾನಿ ಬಾಗಿಲಲ್ಲೇ ನಿಂತಿದ್ದರು. ನಾನು ಪೋರ್ಟಿಕೋದ ಕಂಬಗಳ ಬಗ್ಗೆ ಬಾಯಿ ತೆರೆಯುವಷ್ಟರಲ್ಲಿ, "ಶ್ರಾವಣ ಮಾಸದಲ್ಲಿ ಹೆಣ್ಣುಮಕ್ಕಳು ಬಾಗಿಲ ತನಕ ಬಂದು ಅರಿಸಿನ ಕುಂಕುಮ ತಗೊಳ್ದೆ ಹೋಗೋದುಂಟೇ? ಬನ್ನಿ ಬನ್ನಿ" ಎಂದು ಆರೂ ಜನರನ್ನು ಒಳಗೆ ಕರೆದುಕೊಂಡು ಹೋದರು. ನಾವು ಆರು ಗಂಡಸರು ಪೋರ್ಟಿಕೋದಲ್ಲಿ ಉಳಿದೆವು.

ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಒಳಗಿನಿಂದ ಒಗ್ಗರಣೆಯ ಘಮ ಬಂತೇ ಹೊರತು ಹೆಂಗಸರು ಬರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಆರೂ ಜನ ಮಲ್ಲಿಗೆ ಮುಡಿದು, ತೆಂಗಿನಕಾಯಿ, ರವಿಕೆ ಕಣ ಹಿಡಿದು, ಉಪ್ಪಿಟ್ಟು ತಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದರು. ಒಬ್ಬರ ಗಂಡ ಆಸೆಯಿಂದ ಕೇಳಿದರು, "ಒಳಗೆ ಏನೇನು ನೋಡಿದಿರಿ?"

"ಅವರ ಸೊಸೆಯ ಸೀಮಂತದ ಆಲ್ಬಂ. ಎರಡು ಸಂಪುಟ."

ನಾನು ಹಲ್ಲುಗಿಂಜಿಕೊಂಡು ಯಜಮಾನಿಯವರ ಹತ್ತಿರ ಹೋಗಿ, "ಅಮ್ಮಾ, ಮುಂದಿನ ವಾರ ನಾವೂ ಒಂದು ಗಳಿಗೆ ಒಳಗೆ ಬರಬಹುದಾ?" ಎಂದೆ.

"ಅಯ್ಯೋ, ಮುಂದಿನ ವಾರ ಗಂಡಸ್ರನ್ನ ಕರ್ಕೊಂಡೇ ಬರ್ಬೇಡಿ ಕಣ್ರೀ! ಬಾಗ್ಲಲ್ಲಿ ನಿಂತ್ಕೊಂಡು ಗಡಿಯಾರ ನೋಡ್ತಿದ್ರೆ ನಮಗೆ ಮಾತಾಡಕ್ಕೇ ಸಂಕೋಚ ಆಗುತ್ತೆ."

ಪಟ್ಟಿಯಲ್ಲಿ ಎರಡು ಮನೆ ಉಳಿದವು.

ಬೈ ಟು

ನಡಿಗೆಯವರು ಕಾಫಿ ಕುಡಿಯುವ ಹೋಟೆಲಿನಲ್ಲಿ ಬೆಳಗ್ಗೆ ಇಬ್ಬರು ಹಿರಿಯರು ಒಂದು ಕಾಫಿ ತರಿಸಿ ಎರಡು ಲೋಟಕ್ಕೆ ಹಂಚಿಕೊಳ್ಳುತ್ತಾರೆ. ಪ್ರಾಯದಿಂದಲೂ ಹಾಗೇ. ಇಬ್ಬರಿಗೂ ಇದೇ ಬಡಾವಣೆಯಲ್ಲಿ ಮಾಳಿಗೆ ಮನೆ, ಎದುರಿಗೆ ಕಾರು. ನಡಿಗೆಗೆ ದೆಹಲಿಯಿಂದ ಬಂದಿದ್ದ ಗಂಡ ಹೆಂಡತಿ ಈ ಹಂಚಿಕೆ ನೋಡಿ, ಕಾಸಿಲ್ಲದವರೆಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡರು. ನಾನು ತಡೆಯುವ ಮೊದಲೇ ಎರಡು ಪೂರ್ತಿ ಕಾಫಿ ತರಿಸಿ, ಕೈಮುಗಿದು, ಹಿರಿಯರ ಮುಂದೆ ಇಟ್ಟುಬಿಟ್ಟರು.

ಹಿರಿಯರಲ್ಲಿ ಒಬ್ಬರು ಕಾಫಿ ನೋಡಿದರು, ಆ ದಂಪತಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಪಾಪ, ದೂರದಿಂದ ಬಂದವ್ರೆ, ಕಾಫಿ ಕುಡಿಯೋ ಕ್ರಮ ಗೊತ್ತಿಲ್ಲ" ಎಂದು ಸಪ್ಲೈಯರನ್ನು ಕರೆದರು. "ಇವೆರಡನ್ನೂ ಬೈ ಟು ಮಾಡಿ ನಾಲ್ಕು ಲೋಟ ತಗೊಂಡ್ ಬಾಪ್ಪ. ಅವರಿಬ್ರಿಗೂ ಕಲಿಸ್ಬುಡಣ."

ತೇಗದ ಬಾಗಿಲು

ಎರಡನೇ ಮನೆಗೆ ತೇಗದ ಜೋಡಿ ಬಾಗಿಲಿತ್ತು. ಬಳ್ಳಿ, ಹೂವು, ಗಿಳಿಗಳ ಕೆತ್ತನೆ. ಬಣ್ಣ ಮಾಸಿ ಮಾಸಿ ಅದಕ್ಕೊಂದು ಕಳೆ ಬಂದಿತ್ತು. ಮೂರು ಭಾನುವಾರ ಸಾಲಾಗಿ ಜನರನ್ನು ಅದರ ಮುಂದೆ ನಿಲ್ಲಿಸಿ ಕೊಂಡಾಡಿದೆ. "ನೋಡಿ, ಎಷ್ಟು ಹಳೆಯದು! ಹೇಗೆ ಮಾಸಿದೆ! ಇಷ್ಟು ಹಳೆಯ ಬಾಗಿಲು ಈ ಬೀದಿಯಲ್ಲಿ ಇನ್ನೊಂದಿಲ್ಲ!" ಮನೆಯ ಯಜಮಾನರು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಹೆಮ್ಮೆ ಎಂದು ತಿಳಿದು ನಾನು ಇನ್ನಷ್ಟು ದನಿ ಏರಿಸಿದೆ.

ನಾಲ್ಕನೇ ಭಾನುವಾರ ಹೋಗಿ ನಿಂತರೆ ಬಾಗಿಲೇ ಇಲ್ಲ. ಆ ಜಾಗದಲ್ಲಿ ಥಳಥಳ ಹೊಳೆಯುವ ಸ್ಟೀಲಿನ ಬಾಗಿಲು. ಕಾಂಪೌಂಡಿನ ಗೋಡೆ ಹಿಡಿದುಕೊಂಡು ನಿಂತೆ. ಯಜಮಾನರು ಹೊರಗೆ ಬಂದರು.

"ವಾರವಾರ ಜನ ಕಟ್ಕೊಂಡು ಬಂದು ಹಳೇದು ಹಳೇದು, ಮಾಸೋಗಿದೆ ಅಂತ ಬೀದೀಲಿ ನನ್ನ ಮರ್ಯಾದೆ ತೆಗೀತಿದ್ರಲ್ಲ? ಈಗ ಹೇಳಿ ನೋಡಣ!"

"ಸಾರ್... ಹಳೇ ಬಾಗಿಲು?"

"ಹಿತ್ತಿಲಲ್ಲಿ ಹಂಡೆ ಒಲೆ ಐತಲ್ಲ, ಅದಕ್ಕೆ ಹಾಕ್ಬುಟ್ವಿ. ಒಳ್ಳೇ ಮರ ಕಣ್ರೀ! ಐದು ದಿನದಿಂದ ಇಡೀ ಮನೆಗೆ ಬಿಸಿನೀರು."

ಅವತ್ತು ನನಗೆ ಊಟ ಸೇರಲಿಲ್ಲ. ಮಾತಾಡಿ ಮಾತಾಡಿ ಒಂದು ಬಾಗಿಲನ್ನೇ ಸುಟ್ಟೆನಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಹೆಂಡತಿ ಮಾತ್ರ ಸಮಾಧಾನ ಹೇಳಿದಳು: "ನಮ್ಮ ಮನೇಲಿ ಏನನ್ನೂ ಹೊಗಳ್ಬೇಡಿ ಸದ್ಯ. ನನಗೆ ಈ ಬೀರು ಬೇಕು."

ಗೇಟಿನ ಮುಂದೆ ಇಪ್ಪತ್ತೆರಡು ಜೊತೆ ಚಪ್ಪಲಿ

ಉಳಿದದ್ದು ಮೂರನೇ ಮನೆ ಒಂದೇ. ಅದೂ ಹೋದರೆ ನಡಿಗೆ ನಿಂತ ಹಾಗೆ ಎಂದು ಸಂಘದವರು ಹೇಳಿಬಿಟ್ಟಿದ್ದರು. ಆ ಮನೆಯವರು ನಿವೃತ್ತ ಎಂಜಿನಿಯರು. ಎಂಬತ್ತು ದಾಟಿದ್ದರೂ ನೆಟ್ಟಗೆ ನಡೆಯುವವರು, ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ಮುಂಗೋಪ ಮಾತ್ರ ಬೀದಿಗೆಲ್ಲ ಗೊತ್ತು. ಬಲಗಡೆ ಮನೆಯವರ ಜೊತೆ ಒಂದು ಹಲಸಿನ ಮರದ ವಿಷಯಕ್ಕೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಒಪ್ಪಿಗೆ ಕೇಳಲು ಹೋದಾಗ ನನಗೆ ಹೇಳಿದರು, "ನೋಡ್ರೀ ಪೋಸ್ಟ್‌ಮ್ಯಾನ್, ರೆಡ್ ಆಕ್ಸೈಡ್ ನೆಲಕ್ಕೆ ಪಾಲಿಶ್ ಹಾಕ್ಸಿದೀನಿ. ಚಪ್ಪಲಿ ಗೇಟಿನ ಆಚೆ. ಮಾತು, ನಗು, ಫೋನು ಏನೂ ಕೂಡದು. ಒಂದು ಸದ್ದು ಕೇಳಿದ್ರೂ ಮತ್ತೆ ಈ ಗೇಟ್ ಮುಟ್ಟಂಗಿಲ್ಲ."

ಆ ಭಾನುವಾರ ಬಂದವರು ನಿವೃತ್ತ ಬ್ಯಾಂಕ್ ನೌಕರರು. ಬಹುಪಾಲು ಬಿಳಿ ಪಂಚೆ, ಬಿಳಿ ಶರ್ಟು. ನಾನು ಹೆದರಿಸಿಟ್ಟಿದ್ದರಿಂದ ಗೇಟಿನ ಮುಂದೆ ಇಪ್ಪತ್ತೆರಡು ಜೊತೆ ಚಪ್ಪಲಿ ಸಾಲಾಗಿ ಬಿಟ್ಟು, ಅಂಗಳದಲ್ಲಿ ಕೈಕಟ್ಟಿ, ಉಸಿರು ಬಿಗಿಹಿಡಿದು ನಿಂತರು. ಸೊಸೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕಾಫಿಗೆಂದು ಒಳಗೆ ಹೋದರು. ಎಂಜಿನಿಯರು ಶರ್ಟು ಬದಲಿಸಲು ಮಾಳಿಗೆಗೆ ಹೋಗಿದ್ದರು. ಅವರು ಬರುವವರೆಗೆ ನಾನು ಮೆಲುದನಿಯಲ್ಲಿ ಶುರು ಮಾಡಿದೆ. "ಸಾಹೇಬ್ರು ತುಂಬಾ ಶಿಸ್ತಿನವರು. ಕಾಗದ ಬಂದ ದಿನವೇ ಉತ್ತರ ಬರೆಯುತ್ತಿದ್ದರು..."

ಅಷ್ಟರಲ್ಲಿ ಬಲಗಡೆ ಮನೆಯವರು ಹಾಲು ತೆಗೆದುಕೊಂಡು ಬಂದರು. ಚಪ್ಪಲಿಯ ಸಾಲು ನೋಡಿದರು. ಕುರ್ಚಿ, ಬಿಳಿ ಬಟ್ಟೆ, ಬಗ್ಗಿದ ತಲೆಗಳನ್ನು ನೋಡಿದರು. ಹಾಲಿನ ಪ್ಯಾಕೆಟ್ ಕೈಯಿಂದ ಜಾರಿ ಬಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಕಡೆ ಯಾರೂ ಏನಾಯಿತೆಂದು ಕೇಳುವುದಿಲ್ಲ. ಅವರೂ ಕೇಳಲಿಲ್ಲ. ಬಂದ ದಾರಿಯಲ್ಲೇ ಓಡಿದವರು ಹತ್ತು ನಿಮಿಷಕ್ಕೆ ತಿರುಗಿ ಬಂದರು. ತಾವೂ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಕೈಯಲ್ಲಿ ಮಾರುದ್ದದ ಸುಗಂಧರಾಜದ ಹಾರ.

ಅವರು ಏನೆಂದುಕೊಂಡಿದ್ದಾರೆ ಎಂದು ನನಗೆ ತಿಳಿದರೂ ಕೂಗಿ ಹೇಳುವಂತಿಲ್ಲ, ಸದ್ದಾದರೆ ಗೇಟು ಮುಚ್ಚುತ್ತದೆ. ಕೈಸನ್ನೆ ಮಾಡಿದೆ. ಅದು ಅವರಿಗೆ ಸಮಾಧಾನ ಹೇಳಿದಂತೆ ಕಂಡಿರಬೇಕು, ನನ್ನ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟರು.

"ಇಂಥಾ ಮನುಷ್ಯ ಮತ್ತೆ ಹುಟ್ಟಲ್ಲ ಕಣ್ರೀ! ಹನ್ನೊಂದು ವರ್ಷ ಎದುರಿಗೆ ಬಂದ್ರೂ ಮುಖ ತಿರುಗಿಸ್ಕೊಂಡು ಹೋದೆ. ಅವರದೇನೂ ತಪ್ಪಿರ್ಲಿಲ್ಲ. ಆ ಹಲಸಿನ ಕೊಂಬೆ ಕಡಿಸ್ದೋನು ನಾನೇ! ಗಾಳಿಗೆ ಮುರಿದು ಬಿತ್ತು ಅಂತ ಸುಳ್ಳು ಹೇಳ್ಬುಟ್ಟೆ!"

"ನಂಗೊತ್ತಿತ್ತು ಕಣ್ರೀ!" ಎಂದು ಮಾಳಿಗೆಯ ಕಿಟಕಿಯಿಂದ ದನಿ ಬಂತು.

ಬಲಗಡೆ ಮನೆಯವರು ಹಾರದ ಸಮೇತ ಕುರ್ಚಿಯಲ್ಲಿ ಕುಸಿದರು. ಬ್ಯಾಂಕಿನವರು ಇದೆಲ್ಲ ಕಾರ್ಯಕ್ರಮದ ಭಾಗವೆಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬರು ಶಿಳ್ಳೆಯನ್ನೂ ಹಾಕಿದರು. ಮುಗಿಯಿತು ನನ್ನ ನಡಿಗೆ ಎಂದುಕೊಂಡೆ. ಎಂಜಿನಿಯರು ಒಂದೊಂದೇ ಮೆಟ್ಟಿಲಿಳಿದು ಬಂದರು. ಮುಖ ಕೆಂಪಾಗಿತ್ತು. ಕುರ್ಚಿಯಲ್ಲಿದ್ದವರ ಕೈಯಿಂದ ಹಾರ ತೆಗೆದುಕೊಂಡು, ಉದ್ದ ನೋಡಿ, ಮೂಸಿ ನೋಡಿ, ತಾವೇ ಕೊರಳಿಗೆ ಹಾಕಿಕೊಂಡು ಅವರ ಪಕ್ಕದ ಕುರ್ಚಿಯಲ್ಲಿ ಕುಳಿತರು. "ಅಳೋದು ನಿಲ್ಸಿ, ಕಾಫಿ ಕುಡೀರಿ" ಎಂದರು. ಇಬ್ಬರ ಕಣ್ಣೂ ಒದ್ದೆಯಾಗಿತ್ತು.

ನಾನು ಸದ್ದಿಲ್ಲದೆ ಗೇಟಿನ ಕಡೆ ಜಾರುತ್ತಿದ್ದೆ.

"ಪೋಸ್ಟ್‌ಮ್ಯಾನ್, ನಿಂತ್ಕೊಳ್ರೀ!"

ನಿಂತೆ.

"ಮುಂದಿನ ಭಾನುವಾರಾನೂ ಇವರನ್ನೇ ಕರ್ಕೊಂಡು ಬನ್ನಿ. ಎಲ್ರೂ ಇದೇ ಬಿಳಿ ಬಟ್ಟೇಲಿ ಬರ್ಲಿ. ಎಡಗಡೆ ಮನೆಯವನು ಒಪ್ಕೊಳ್ಳೋದು ಇನ್ನೂ ಜಾಸ್ತಿ ಇದೆ."